ಸಸ್ಯಜನ್ಯವೆಲ್ಲವೂ ಅಹಿಂಸೆಯೇ?



ಚಾತುರ್ಮಾಸವು ನಮಗೆ ವ್ರತ, ಉಪವಾಸ, ಸ್ವಾಧ್ಯಾಯಗಳ ಕಾಲ. ಅದೇ ಮಳೆಗಾಲವು ಸೂಕ್ಷ್ಮ ಜೀವರಾಶಿಯ ವೃದ್ಧಿಕಾಲವೂ ಹೌದು. ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುವುದು ಈ ಜೀವರಾಶಿಯ ಮೇಲಣ ಕರುಣೆಯಿಂದಲೇ. ಆದರೆ ಗೃಹಸ್ಥನಿಗೆ ಇದೇ ತಿಂಗಳುಗಳಲ್ಲಿ ಒಂದು ಧರ್ಮಸಂದಿಗ್ಧವು ಎದುರಾಗುತ್ತದೆ: ಮನೆಯೊಳಗಿನ ಸೊಳ್ಳೆಯನ್ನು ಏನು ಮಾಡಬೇಕು?

ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಮನೆಗಳಲ್ಲಿ ಕನ್ನಡ, ಮರಾಠಿ, ಗುಜರಾತಿ, ಹಿಂದಿ ಮಾತುಗಳು ಬೆರೆತಿವೆ. ಸೊಳ್ಳೆಯೆಂದರೂ, ಡಾಸವೆಂದರೂ, ಮಚ್ಛರವೆಂದರೂ ಪ್ರಶ್ನೆ ಒಂದೇ. ಇದಕ್ಕೆ ಇಂದಿನ ಅಂಗಡಿಯು ಸುಲಭವಾದ ಉತ್ತರವನ್ನು ಮುಂದಿಡುತ್ತಿದೆ. ಬೇವು, ಸಿಟ್ರೊನೆಲ್ಲ, ನೀಲಗಿರಿ ಎಣ್ಣೆಗಳಿಂದ ತಯಾರಾದ ‘ಸಂಪೂರ್ಣ ನೈಸರ್ಗಿಕ’ ಬತ್ತಿ, ಲೇಪ, ಸಿಂಪಡಣೆಗಳಿಗೆ ಬೇಡಿಕೆ ಏರುತ್ತಲೇ ಇದೆ. ಸಸ್ಯದಿಂದ ಬಂದದ್ದು ಸೌಮ್ಯ, ಸೌಮ್ಯವಾದದ್ದು ಅಹಿಂಸಕ ಎಂಬ ನಂಬಿಕೆಯಿಂದ ಶ್ರಾವಕರೂ ಇವನ್ನು ಕೊಳ್ಳುತ್ತಾರೆ. ಈ ನಂಬಿಕೆ ಎಷ್ಟು ಸರಿ?

ಪೈರೆಥ್ರಮ್ ಎಂಬುದು ಸೇವಂತಿಗೆಯ ಬಳಗದ ಒಂದು ಹೂವು. ಅದರ ಸತ್ವವು ಅಪ್ಪಟ ಸಸ್ಯಜನ್ಯ. ಆದರೆ ಅದು ಕೀಟದ ನರಗಳನ್ನು ಕೆಡಿಸಿ ಕೊಲ್ಲುತ್ತದೆ. ನಮ್ಮ ಬಯಲುಸೀಮೆಯ ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶವು ಮರಿಹುಳುವಿನ ಪೊರೆ ಬಿಡುವ ಕ್ರಿಯೆಯನ್ನೇ ತಡೆದು ಅದನ್ನು ಬೆಳೆಯಗೊಡದು. ಇದಕ್ಕೆ ವಿರುದ್ಧವಾಗಿ, 1946ರಲ್ಲಿ ಅಮೆರಿಕದ ಸೇನೆಗಾಗಿ ರೂಪುಗೊಂಡ ‘ಡೀಟ್’ ಎಂಬ ಕೃತಕ ರಾಸಾಯನಿಕವನ್ನು ಚರ್ಮಕ್ಕೆ ಲೇಪಿಸಿದರೆ ಸೊಳ್ಳೆ ದೂರ ಸರಿಯುತ್ತದೆ. ಅದರ ಕೆಲಸ ಕೊಲ್ಲುವುದಲ್ಲ. ಹೂವಿನಿಂದ ಬಂದದ್ದು ಕೊಲ್ಲುತ್ತದೆ, ಕಾರ್ಖಾನೆಯಿಂದ ಬಂದದ್ದು ಓಡಿಸುತ್ತದೆ! ಆದುದರಿಂದ ವಸ್ತುವು ಎಲ್ಲಿಂದ ಬಂತು ಎಂಬುದಕ್ಕಿಂತ, ಅದು ಜೀವಕ್ಕೆ ಏನು ಮಾಡುತ್ತದೆ ಎಂಬುದೇ ಶ್ರಾವಕನು ಕೇಳಬೇಕಾದ ಪ್ರಶ್ನೆ.

ಸೊಳ್ಳೆಯು ಚತುರಿಂದ್ರಿಯ ಜೀವಿ. ಸೊಳ್ಳೆ, ನುಸಿಗಳ ಕಡಿತವನ್ನು ಸಮಭಾವದಿಂದ ಸಹಿಸುವುದನ್ನು ‘ದಂಶಮಶಕ’ವೆಂಬ ಹೆಸರಿನಿಂದ ತತ್ತ್ವಾರ್ಥಸೂತ್ರವು ಮುನಿಗಳ 22 ಪರೀಷಹಗಳಲ್ಲಿ ಎಣಿಸಿದೆ. ಆದರೆ ತೊಟ್ಟಿಲ ಕೂಸಿನ ಮೇಲೆ ಆ ಪರೀಷಹವನ್ನು ಹೇರಲು ತಾಯಿಗೆ ಅಧಿಕಾರವಿಲ್ಲ. ಡೆಂಗಿಗೆ ಇಂದಿಗೂ ನಿರ್ದಿಷ್ಟವಾದ ಔಷಧವಿಲ್ಲ. ಗೃಹಸ್ಥನ ಬಾಳಿನ ಹಿಂಸೆಯನ್ನು ಆಚಾರ್ಯರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿರುವುದು ಇಂತಹ ಕಷ್ಟವನ್ನು ಅರಿತೇ. ಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಅವನು ಪೂರ್ಣವಾಗಿ ತ್ಯಜಿಸಬೇಕು. ಉಳಿದವುಗಳಲ್ಲಿ ಅನಿವಾರ್ಯವಾದುದನ್ನು ಯತ್ನಾಚಾರದಿಂದ ಕನಿಷ್ಠಗೊಳಿಸಬೇಕು. ಪ್ರಮಾದದಿಂದಾಗುವ ಪ್ರಾಣಹರಣವೇ ಹಿಂಸೆಯೆಂದು ಅದೇ ಸೂತ್ರಗ್ರಂಥವು ತಿಳಿಸುತ್ತದೆ. ಅಜಾಗ್ರತೆಯೇ ಮೊದಲ ದೋಷವೆಂದಾಯಿತು.

ಹಾಗಾದರೆ ನಮ್ಮ ಅಜಾಗ್ರತೆ ಎಲ್ಲಿದೆ? ಬಹುಮಟ್ಟಿಗೆ ನೀರಿನ ತೊಟ್ಟಿಯಲ್ಲಿ. ಸೊಲ್ಲಾಪುರದಲ್ಲಿ ನಲ್ಲಿಯ ನೀರು ಹಲವು ದಿನಗಳಿಗೊಮ್ಮೆ ಬಂದ ವರ್ಷಗಳನ್ನು ನಾವೆಲ್ಲ ಕಂಡಿದ್ದೇವೆ. ಪಿಪಾಯಿ, ಹಂಡೆ, ತೊಟ್ಟಿಗಳಲ್ಲಿ ನೀರು ತುಂಬಿಡುವುದು ಇಲ್ಲಿನ ಮನೆಗಳಿಗೆ ಅಭ್ಯಾಸವಾಗಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯು ಮೊಟ್ಟೆಯಿಡುವುದು ಇಂತಹ ನಿಂತ ನೀರಿನ ಅಂಚಿನಲ್ಲಿಯೇ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಹುಳುಗಳು ತುಂಬಿದ ಮೇಲೆ ನೀರನ್ನು ಚೆಲ್ಲಿದರೆ ಅಸಂಖ್ಯ ಜೀವಗಳ ನಾಶ. ಮೊದಲೇ ಪಾತ್ರೆಯನ್ನು ಮುಚ್ಚಿಟ್ಟಿದ್ದರೆ ಆ ಜೀವಗಳು ಅಲ್ಲಿ ಹುಟ್ಟುತ್ತಲೇ ಇರಲಿಲ್ಲ.

ನಮ್ಮ ಹಿರಿಯರು ನೀರನ್ನು ದಪ್ಪ ಬಟ್ಟೆಯ ಎರಡು ಪದರಗಳಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಜಲಮೂಲಕ್ಕೆ ಮರಳಿಸುತ್ತಿದ್ದರು. ಆ ಬಟ್ಟೆಯೇ ತೊಟ್ಟಿಯ ಬಾಯಿಗೂ ಬರಲಿ. ಚಾದರಕ್ಕೆ ನಾಡೆಲ್ಲ ಹೆಸರಾದ ನಮ್ಮ ಊರಿಗೆ ಬಟ್ಟೆಯ ಬರವೇ? ಕಿಟಕಿಗೆ ಜಾಲರಿ, ಮಲಗುವಲ್ಲಿ ಮದ್ದು ಹಚ್ಚದ ಸಾದಾ ಸೊಳ್ಳೆಪರದೆ ಇರಲಿ. ಈಡಿಸ್ ಹಗಲಿನಲ್ಲಿ ಕಚ್ಚುವುದರಿಂದ, ಹಗಲು ಮಲಗುವ ಮಗುವಿಗೂ ಪರದೆ ಬೇಕು. ಪರದೆಯು ಯಾರನ್ನೂ ಕೊಲ್ಲದೆ ಇಬ್ಬರನ್ನೂ ಕಾಯುತ್ತದೆ.

ಅದಕ್ಕೂ ಮೀರಿ ಲೇಪ ಬೇಕಾದಲ್ಲಿ ಓಡಿಸುವಂಥದನ್ನು ಆರಿಸೋಣ. ಸಿಟ್ರೊನೆಲ್ಲದಂತಹ ಎಣ್ಣೆಗಳು ಬೇಗ ಆರಿಹೋಗುವುದರಿಂದ ಮತ್ತೆ ಮತ್ತೆ ಹಚ್ಚಬೇಕಾಗುತ್ತದೆ. ಶಿಶುಗಳಿಗೆ ಯಾವುದು ಯೋಗ್ಯವೆಂದು ವೈದ್ಯರನ್ನು ಕೇಳಬೇಕು. ಡಬ್ಬಿಯ ಮೇಲಣ ಎಲೆಯ ಚಿತ್ರವನ್ನು ನೋಡಿ ತೃಪ್ತರಾಗದೆ, ಕೆಳಗಿನ ಸಣ್ಣ ಅಕ್ಷರಗಳನ್ನು ಓದೋಣ. ಅಲ್ಲಿ ಟ್ರಾನ್ಸ್‌ಫ್ಲುಥ್ರಿನ್ ಎಂದಿದ್ದರೆ ಅದು ಪೈರೆಥ್ರಮ್ ಹೂವಿನ ಸತ್ವದ ಮಾದರಿಯಲ್ಲಿ ರೂಪಿಸಿದ ಕೃತಕ ಕೀಟನಾಶಕ. 1968ರ ಕೀಟನಾಶಕ ಕಾಯಿದೆಯಂತೆ ಅಂತಹ ಸರಕಿಗೆ ನೋಂದಣಿ ಇರಲೇಬೇಕು. ನಮ್ಮಲ್ಲಿ ವ್ಯಾಪಾರಿಗಳು ಅನೇಕರಿದ್ದಾರೆ. ಕೊಲ್ಲುವ ವಸ್ತುವನ್ನು ಅಹಿಂಸೆಯ ಹೆಸರಿನಲ್ಲಿ ಮಾರಿದರೆ ಅಹಿಂಸಾಣುವ್ರತದೊಡನೆ ಸತ್ಯಾಣುವ್ರತಕ್ಕೂ ಭಂಗವೆಂಬುದನ್ನು ಅವರು ಮರೆಯಬಾರದು.

ಅಹಿಂಸೆಯನ್ನು ಹಣ ಕೊಟ್ಟು ತರಲಾಗದು. ಎಚ್ಚರದಿಂದ ಮುಚ್ಚಿದ ಒಂದು ಕೊಡದಲ್ಲಿ, ದುಬಾರಿಯಾದ ಹತ್ತು ‘ನೈಸರ್ಗಿಕ’ ಶೀಷೆಗಳಲ್ಲಿ ಇರುವುದಕ್ಕಿಂತ ಹೆಚ್ಚಿನ ಜೀವದಯೆ ಅಡಗಿದೆ. ಈ ಉತ್ಸವದ ದಿನಗಳಲ್ಲಿ ಪ್ರತಿಯೊಂದು ಮನೆಯೂ ವಾರಕ್ಕೊಮ್ಮೆ ತನ್ನ ನೀರಿನ ಪಾತ್ರೆಗಳನ್ನು ಪರಿಶೀಲಿಸುವ ನಿಯಮವನ್ನು ಕೈಗೊಳ್ಳಲಿ.