ಅತಿಥಿ ಎಷ್ಟು ವರ್ಷ ಅತಿಥಿ?

ಮೈಸೂರಿನಿಂದ ಮಡಿಕೇರಿಗೆ ಹೋಗುವ ಬಸ್ಸು ಪಿರಿಯಾಪಟ್ಟಣ ದಾಟಿ ಬೈಲಕುಪ್ಪೆಯ ಹತ್ತಿರ ಬಂದಾಗ ಪ್ರಯಾಣಿಕರು ಕಿಟಕಿಯ ಕಡೆಗೆ ಕತ್ತು ಹೊರಳಿಸುತ್ತಾರೆ. ಕೆಂಪು ನಿಲುವಂಗಿ ತೊಟ್ಟ ಭಿಕ್ಷುಗಳು ಆಟೋಗಳಲ್ಲಿ ಸಾಗುತ್ತಿರುತ್ತಾರೆ, ಮರದಿಂದ ಮರಕ್ಕೆ ಕಟ್ಟಿದ ಬಣ್ಣದ ಬಾವುಟಗಳು ಗಾಳಿಗೆ ಹಾರುತ್ತಿರುತ್ತವೆ. ಇಳಿದು ಸುವರ್ಣ ಮಂದಿರ ನೋಡಿ, ಒಂದು ತಟ್ಟೆ ಮೊಮೊ ತಿಂದು, ಕಾವೇರಿಯನ್ನು ದಾಟಿ ಕುಶಾಲನಗರಕ್ಕೆ ಹೋದರೆ ನಮ್ಮ ಪ್ರವಾಸ ಮುಗಿಯಿತು. ಪಿರಿಯಾಪಟ್ಟಣ ತಾಲೂಕಿನ ಹಾರನಹಳ್ಳಿ ಹೋಬಳಿಯ ಈ ಮೂಲೆಯನ್ನು ನಾವೆಲ್ಲ ‘ಮಿನಿ ಟಿಬೆಟ್’ ಎಂದು ಕರೆಯುತ್ತೇವೆ. ಆ ಹೆಸರಿನಲ್ಲಿ ಪ್ರೀತಿಯೇನೋ ಇದೆ. ಆದರೆ ಇಲ್ಲಿಯೇ ಹುಟ್ಟಿ, ಇಲ್ಲಿಯೇ ಮೊಮ್ಮಕ್ಕಳನ್ನು ಕಂಡವರ ಊರನ್ನು ನಾವು ಇನ್ನೂ ಬೇರೊಂದು ದೇಶದ ತುಣುಕು ಎಂದೇ ಭಾವಿಸಿದ್ದೇವೆ ಎಂಬುದನ್ನೂ ಅದು ಹೇಳುತ್ತದೆ.

ಕೆಲವು ವರ್ಷಗಳ ಹಿಂದೆ ಚಳಿಗಾಲದಲ್ಲಿ, ಪೇಟೆಯ ಬದಿಯಲ್ಲಿ ಸ್ವೆಟರ್ ಮಾರುತ್ತಿದ್ದ ಟಿಬೆಟಿಯನ್ ಹೆಂಗಸೊಬ್ಬರೊಡನೆ ಚೌಕಾಸಿ ಮಾಡುತ್ತಾ, ಮಾತಿಗೆ ಮಾತು ಸೇರಿ, “ಊರಿಗೆ ಯಾವಾಗ ಹೋಗ್ತೀರಿ?” ಎಂದು ಕೇಳಿದೆವು. ನಮ್ಮ ಮನಸ್ಸಿನಲ್ಲಿದ್ದುದು ಲ್ಹಾಸಾ. ಆಕೆ ಅಚ್ಚ ಕನ್ನಡದಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಲೋಸರ್ ಹಬ್ಬಕ್ಕೆ ಮೊದಲು ಹೋಗಬೇಕು, ಮನೆಗೆ ಸುಣ್ಣ ಬಳಿಯುವುದಿದೆ ಎಂದರು. ಆಕೆಯ ಮನಸ್ಸಿನಲ್ಲಿದ್ದುದು ಬೈಲಕುಪ್ಪೆ. ನಾವು ಮುಂದೆ ಮಾತಾಡದೆ ಕೇಳಿದಷ್ಟು ಹಣ ಕೊಟ್ಟು ಬಂದೆವು. ಅಂದಿನಿಂದ ಆ ‘ಊರು’ ಎಂಬ ಶಬ್ದ ನಮ್ಮನ್ನು ಬಿಟ್ಟಿಲ್ಲ.

1959ರ ಮಾರ್ಚ್ ಕೊನೆಯಲ್ಲಿ ದಲಾಯಿ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಮಂದಿ ಬಂದರು. ಬಂದವರಲ್ಲಿ ಅನೇಕರನ್ನು ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕಡಿಯುವ ಕೆಲಸಕ್ಕೆ ಹಚ್ಚಲಾಯಿತು. ಇವರಿಗೆ ಎಲ್ಲಿಯಾದರೂ ನೆಲ ಬೇಕು ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಧಾರಾಳವಾಗಿ ಮುಂದೆ ಬಂದದ್ದು ಅಂದಿನ ಮೈಸೂರು ರಾಜ್ಯ. 1960ರಲ್ಲಿ ಬೈಲಕುಪ್ಪೆಯ ಬಳಿ ಸುಮಾರು ಮೂರು ಸಾವಿರ ಎಕರೆ ಕಾಡನ್ನು ಬಿಟ್ಟುಕೊಡಲಾಯಿತು. ಟಿಬೆಟಿಯನ್ನರು ಇಂದಿಗೂ ಎಸ್. ನಿಜಲಿಂಗಪ್ಪನವರ ಹೆಸರನ್ನು ಕೃತಜ್ಞತೆಯಿಂದ ನೆನೆಯುತ್ತಾರೆ. ನಮ್ಮಲ್ಲಿ ಎಷ್ಟು ಮಂದಿ ನೆನೆಯುತ್ತೇವೆಯೋ ತಿಳಿಯದು. ಲುಗ್‌ಸುಂಗ್ ಸಮ್‌ಡುಪ್ಲಿಂಗ್ ಎಂಬ ಆ ಮೊದಲ ವಸತಿಯ ನಂತರ 1969ರಲ್ಲಿ ಅದರ ಪಕ್ಕದಲ್ಲಿಯೇ ಎರಡನೆಯದು, 1972ರಲ್ಲಿ ಹುಣಸೂರಿನ ಗುರುಪುರದಲ್ಲಿ ಮತ್ತೊಂದು ಬಂತು. 1968ರಲ್ಲಿ ಹುಟ್ಟಿದ ಮೈರಾಡಾ ಸಂಸ್ಥೆ ಮೊದಲು ಕೈಗೆತ್ತಿಕೊಂಡದ್ದೂ ಇವರಿಗೆ ನೆಲೆ ಕಲ್ಪಿಸುವ ಕೆಲಸವನ್ನೇ.

ಇದನ್ನು ಹೇಳುವುದು ಸುಲಭ. ಆದರೆ ಹಿಮದ ನಾಡಿನಲ್ಲಿ ಯಾಕ್ ಮೇಯಿಸುತ್ತಿದ್ದವರು ಉಣ್ಣೆಯ ಬಟ್ಟೆಯಲ್ಲಿ ಪಿರಿಯಾಪಟ್ಟಣದ ಬಿಸಿಲಿಗೆ ಬಂದಿಳಿದರು. ಬಿದಿರಿನ ಗುಡಿಸಿಲು, ಸುಡುತ್ತಿದ್ದ ಕಾಡಿನ ಹೊಗೆ, ರಾತ್ರಿ ಬರುವ ಆನೆ, ಹಗಲಿನಲ್ಲಿ ಹಿಂದೆಂದೂ ಕಾಣದ ಕಾಯಿಲೆಗಳು. ಮೊದಲ ವರ್ಷಗಳಲ್ಲಿ ಅನೇಕರು ಸತ್ತರು. ಉಳಿದವರು ಮುಸುಕಿನ ಜೋಳ ಬೆಳೆಯಲು ಕಲಿತರು. ಜೋಳದ ಕಟಾವು ಮುಗಿದ ಮೇಲೆ ಊರೂರಿಗೆ ಹೋಗಿ ಸ್ವೆಟರ್ ಮಾರಲು ಕಲಿತರು. 1963ರಲ್ಲಿ ನಮ್‌ಡ್ರೋಲಿಂಗ್ ವಿಹಾರ, 1970ರಲ್ಲಿ ಸೆರಾ ವಿಹಾರ ಎದ್ದು ನಿಂತವು. ಭಿಕ್ಷುಗಳೇ ಗಾರೆ ಕಲಸಿ ಕಲ್ಲು ಹೊತ್ತರು. ಇಂದು ನಾವು ಫೋಟೋ ತೆಗೆಸಿಕೊಳ್ಳುವ ಸುವರ್ಣ ಮಂದಿರದ ಹಿಂದೆ ಆ ದಿನಗಳಿವೆ.

ಇಷ್ಟಾದ ಮೇಲೂ ಕಾನೂನಿನ ಕಣ್ಣಿನಲ್ಲಿ ಇವರಲ್ಲಿ ಹೆಚ್ಚಿನವರು ವಿದೇಶಿಯರು. ಕೈಯಲ್ಲಿ ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರ. ವಿದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿನ ಬದಲು ಹಳದಿ ಬಣ್ಣದ ಗುರುತಿನ ಪುಸ್ತಕ. ಉಳುವ ನೆಲ ಸರ್ಕಾರದ್ದು, ಗುತ್ತಿಗೆಯದ್ದು. ಹಾಗಾದರೆ ಪೌರತ್ವಕ್ಕೆ ದಾರಿಯೇ ಇಲ್ಲವೇ? ಇದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎಂದು 2010ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಟಿಬೆಟಿಯನ್ ಯುವತಿಯೊಬ್ಬಳ ಪ್ರಕರಣದಲ್ಲಿ ಹೇಳಿತು. 2013ರಲ್ಲಿ ಕರ್ನಾಟಕ ಹೈಕೋರ್ಟು ಕೂಡ ಅದೇ ದಾರಿ ಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. 2017ರಲ್ಲಿ ಪಾಸ್‌ಪೋರ್ಟಿನ ಬಾಗಿಲೂ ತೆರೆಯಿತು. ಆದರೆ ಅದರ ಬೆನ್ನಿಗೇ ಷರತ್ತುಗಳು ಬಂದವು: ನೋಂದಣಿ ಪತ್ರ ಹಿಂದಿರುಗಿಸಬೇಕು, ನಿರಾಶ್ರಿತರ ವಸತಿಯಲ್ಲಿ ಇರಬಾರದು, ಟಿಬೆಟಿಯನ್ ಆಡಳಿತದಿಂದ ಸಿಗುವ ಸವಲತ್ತು ಬಿಡಬೇಕು. ಅಂದರೆ ಭಾರತೀಯನಾಗಬೇಕಾದರೆ ಭಾರತದಲ್ಲಿರುವ ತನ್ನ ಮನೆಯನ್ನು ಬಿಡು ಎಂದಂತೆ.

ಆದರೆ ಷರತ್ತಿನಿಂದ ಮಾತ್ರವೇ ಇವರು ಹಿಂಜರಿಯುತ್ತಿದ್ದಾರೆ ಎಂದು ನಮಗೆ ತೋರುವುದಿಲ್ಲ. ಷರತ್ತಿಗೆ ಮೊದಲೂ ಅರ್ಜಿ ಹಾಕಿದವರಿಗಿಂತ ಹಾಕದವರೇ ಹೆಚ್ಚು. ಒಂದು ಕಾಗದಕ್ಕೆ ಸಹಿ ಹಾಕಿದ ಕೂಡಲೇ, ‘ಕಾಯುವುದು ಮುಗಿಯಿತು’ ಎಂದು ತಾನೇ ಒಪ್ಪಿಕೊಂಡಂತೆ ಎಂಬ ಅಳುಕು ಅಲ್ಲಿದೆ. ತಂದೆ ತಾಯಿ ಸಾಯುವಾಗಲೂ ಹಿಂದಿರುಗುವ ಮಾತನ್ನೇ ಆಡಿದ್ದರೆ ಮಕ್ಕಳು ಆ ಸಹಿಯನ್ನು ಹಗುರವಾಗಿ ಹಾಕಲಾರರು.

ಈಗ ನಮ್ಮ ನಡುವೆ ಆಗಾಗ ಕೇಳಿಬರುವ ದೂರಿಗೆ ಬರೋಣ. ‘ಅರುವತ್ತು ವರ್ಷ ಇಲ್ಲಿಯ ಅನ್ನ ತಿಂದರು, ಪೌರರಾಗಲು ಮನಸ್ಸಿಲ್ಲ. ಕೆನಡಾಕ್ಕೋ ಅಮೆರಿಕಕ್ಕೋ ಹೋದ ಕೂಡಲೇ ಅಲ್ಲಿಯ ಪೌರರಾಗುತ್ತಾರೆ. ಇದು ಯಾವ ಕೃತಜ್ಞತೆ?’ ದೂರಿನಲ್ಲಿರುವ ಸಂಗತಿ ಸುಳ್ಳಲ್ಲ. 1990ರಲ್ಲಿ ಅಮೆರಿಕ ಭಾರತ ಮತ್ತು ನೇಪಾಳದ ಟಿಬೆಟಿಯನ್ನರಿಗೆ ಒಂದು ಸಾವಿರ ವೀಸಾ ಕೊಟ್ಟಿತು. ಅಲ್ಲಿಂದ ತೊಡಗಿದ ಹರಿವು ನಿಂತಿಲ್ಲ. ಇಂದು ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನಲ್ಲಿ, ಟೊರಾಂಟೊದ ಪಾರ್ಕ್‌ಡೇಲ್‌ನಲ್ಲಿ ಟಿಬೆಟಿಯನ್ನರ ಬೀದಿಗಳೇ ಇವೆ. 2009ರಲ್ಲಿ ಟಿಬೆಟಿಯನ್ ಆಡಳಿತ ತಾನೇ ನಡೆಸಿದ ಗಣತಿಯಲ್ಲಿ ಭಾರತದಲ್ಲಿ 94 ಸಾವಿರದಷ್ಟು ಮಂದಿ ಇದ್ದರು. ಆಮೇಲೆ ಆ ಸಂಖ್ಯೆ ಇಳಿಯುತ್ತಲೇ ಬಂದಿದೆ. ವಸತಿಯ ಮನೆಗಳಲ್ಲಿ ಮುದುಕರು ಉಳಿಯುತ್ತಿದ್ದಾರೆ.

ಆದರೆ ದೂರು ಹೇಳುವ ನಾವು ಒಂದನ್ನು ಯೋಚಿಸುವುದಿಲ್ಲ. ಟೊರಾಂಟೊದಲ್ಲಿ ಪೌರನಾದವನು ಅಲ್ಲಿಯ ಸರ್ಕಾರವನ್ನು ಬೈಯಬಹುದು, ಬಾಡಿಗೆ ಹೆಚ್ಚಾಯಿತೆಂದು ಬೀದಿಗಿಳಿಯಬಹುದು, ಚಳಿ ಸಾಕಾಯಿತು ಎನ್ನಬಹುದು. ಅವನನ್ನು ಯಾರೂ ಕೃತಘ್ನ ಎನ್ನಲಾರರು. ಬೈಲಕುಪ್ಪೆಯಲ್ಲಿರುವವನಿಗೆ ಈ ಸ್ವಾತಂತ್ರ್ಯ ಇಲ್ಲ. ಅವನು ವೇದಿಕೆ ಹತ್ತಿದಾಗಲೆಲ್ಲ ಮೊದಲು ಧನ್ಯವಾದ ಹೇಳಬೇಕು. 2018ರಲ್ಲಿ, ವಲಸೆಯ ಅರುವತ್ತನೆಯ ವರ್ಷದಲ್ಲಿ, ಟಿಬೆಟಿಯನ್ ಆಡಳಿತ ಭಾರತಕ್ಕೆ ಧನ್ಯವಾದ ಹೇಳುವ ಕಾರ್ಯಕ್ರಮಗಳನ್ನೇ ಏರ್ಪಡಿಸಿತು. ಆ ಧನ್ಯವಾದ ಹೃದಯದಿಂದ ಬಂದದ್ದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೂ ಮನೆಮಗ ಉಂಡೆದ್ದ ಮೇಲೆ ಪ್ರತಿದಿನ ತಾಯಿಗೆ ಧನ್ಯವಾದ ಹೇಳುತ್ತಾನೆಯೇ? ಸಾರಿಗೆ ಉಪ್ಪು ಕಡಿಮೆಯಾಯಿತು ಎನ್ನುತ್ತಾನೆ. ಉಪ್ಪು ಕಡಿಮೆ ಎನ್ನಲಾಗದೆ ನಗುತ್ತಾ ಉಣ್ಣುವವನು ನೆಂಟ. ಅರುವತ್ತು ವರ್ಷ ನೆಂಟನಾಗಿ ಉಣ್ಣುವುದು ಎಷ್ಟು ಆಯಾಸದ ಕೆಲಸವೆಂದು ನಾವು ಊಹಿಸಬೇಕು.

ನಮಗಿದು ತಿಳಿಯದ ಸಂಗತಿಯೂ ಅಲ್ಲ. ನಮ್ಮ ಕರಾವಳಿಯ ಎಷ್ಟು ಮನೆಗಳ ಗಂಡಸರು ಕೊಲ್ಲಿ ದೇಶಗಳಲ್ಲಿ ಇಪ್ಪತ್ತು, ಮೂವತ್ತು ವರ್ಷ ದುಡಿದಿಲ್ಲ? ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೂ ಅಲ್ಲಿಯ ಪೌರತ್ವ ಸಿಗುವುದಿಲ್ಲ. ಕೆಲಸ ಮುಗಿದ ದಿನ ಗಂಟುಮೂಟೆ ಕಟ್ಟಬೇಕು. ಮರಳಿ ಬಂದ ಮಂದಿ ಆ ದೇಶದ ರಸ್ತೆ, ಅಲ್ಲಿಯ ಶಿಸ್ತು, ಅಲ್ಲಿಯ ರೊಟ್ಟಿಯನ್ನು ಹೊಗಳುತ್ತಾರೆ, ಅದೇ ಉಸಿರಿನಲ್ಲಿ ತಾವು ಅನುಭವಿಸಿದ ಅವಮಾನವನ್ನೂ ಹೇಳುತ್ತಾರೆ. ಎರಡೂ ನಿಜ. ಅವರನ್ನು ನಾವು ಕೃತಘ್ನರೆಂದು ಕರೆದದ್ದುಂಟೇ?

ಮಕ್ಕಾದಿಂದ ಮದೀನಾಕ್ಕೆ ವಲಸೆ ಹೋದವರ ಕಥೆ ನಮ್ಮ ಓದುಗರಲ್ಲಿ ಅನೇಕರಿಗೆ ಗೊತ್ತು. ಮದೀನಾದ ಅನ್ಸಾರರು ಬಂದವರನ್ನು ಅಣ್ಣತಮ್ಮಂದಿರಂತೆ ಕಂಡರು, ತಮ್ಮ ತೋಟ, ಮನೆಗಳನ್ನು ಹಂಚಿಕೊಂಡರು. ಆದರೂ ಜ್ವರ ಬಂದಾಗ ಬಿಲಾಲ್ ಕನವರಿಸಿದ್ದು ಮಕ್ಕಾದ ಕಣಿವೆಯ ಹುಲ್ಲನ್ನು. ತನ್ನನ್ನು ಗುಲಾಮನನ್ನಾಗಿ ಇಟ್ಟಿದ್ದ, ಸುಡುವ ಮರಳಿನ ಮೇಲೆ ಮಲಗಿಸಿ ಹಿಂಸಿಸಿದ್ದ ಊರನ್ನು! ಅದನ್ನು ಕೇಳಿ ಪ್ರವಾದಿಯವರು ಸಿಟ್ಟಾಗಲಿಲ್ಲ. ಮದೀನಾವನ್ನೂ ಮಕ್ಕಾದಷ್ಟೇ ಪ್ರಿಯವಾಗಿಸು ಎಂದು ಪ್ರಾರ್ಥಿಸಿದರು. ಎಂಟು ವರ್ಷಗಳ ಬಳಿಕ ಮಕ್ಕಾ ಕೈಗೆ ಬಂದಾಗ ಅವರು ಅಲ್ಲಿಯೇ ನೆಲೆಸಬಹುದಿತ್ತು. ನೆಲೆಸಲಿಲ್ಲ, ಮದೀನಾಕ್ಕೇ ಮರಳಿದರು. ಹುಟ್ಟಿದೂರಿನ ಹಂಬಲ ಮತ್ತು ಆಶ್ರಯ ಕೊಟ್ಟ ಊರಿನ ನಿಷ್ಠೆ ಒಂದೇ ಎದೆಯಲ್ಲಿ ಇರಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಏಕೆ ಬೇಕು?

ಟಿಬೆಟಿನಿಂದಲೇ ಬಂದ ಇನ್ನೊಂದು ಸಣ್ಣ ಗುಂಪಿನ ಕಥೆ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಲ್ಹಾಸಾದಲ್ಲಿ ಶತಮಾನಗಳಿಂದ ನೆಲೆಸಿದ್ದ ಮುಸ್ಲಿಮರಲ್ಲಿ ಹೆಚ್ಚಿನವರ ಮೂಲ ಕಾಶ್ಮೀರ. ಆ ಮೂಲವನ್ನು ಗುರುತಿಸಿ ಭಾರತ ಇವರನ್ನು ತನ್ನ ಪೌರರೆಂದು ಒಪ್ಪಿತು. 1960-61ರ ಹೊತ್ತಿಗೆ ಅವರು ಬಂದರು, ಅನೇಕರು ಶ್ರೀನಗರದಲ್ಲಿ ನೆಲೆಸಿದರು. ಬೈಲಕುಪ್ಪೆಯವರಿಗೆ ಇಲ್ಲದ ಪೌರತ್ವ ಇವರಿಗೆ ಮೊದಲ ದಿನದಿಂದಲೇ ಇತ್ತು. ಆದರೆ ಜಮ್ಮು-ಕಾಶ್ಮೀರದ ಕಾಯಂ ನಿವಾಸಿಗಳೆಂಬ ಮಾನ್ಯತೆ ಸಿಗದೆ, 2019ರಲ್ಲಿ ಅಲ್ಲಿಯ ಕಾನೂನು ಬದಲಾಗುವವರೆಗೆ, ಸರ್ಕಾರಿ ಕೆಲಸ, ಜಮೀನು ಖರೀದಿ ಎರಡೂ ಇವರಿಗೆ ದೂರವೇ ಇದ್ದವು. ಪೂರ್ವಜರ ಊರಿಗೆ ಬಂದವರನ್ನು ಅಲ್ಲಿಯ ಜನ ‘ಟಿಬೆಟಿಯನ್’ ಎಂದರು. ಲ್ಹಾಸಾದಲ್ಲಿದ್ದಾಗ ಇವರನ್ನು ‘ಖಾಚೆ’, ಅಂದರೆ ಕಾಶ್ಮೀರಿ ಎಂದು ಕರೆಯುತ್ತಿದ್ದರು! ಕಾಗದ ಸಿಕ್ಕರೆ ಎಲ್ಲ ಸರಿಯಾಗುತ್ತದೆ ಎಂದು ವಾದಿಸುವವರು ಈ ಜನರನ್ನು ಒಮ್ಮೆ ನೆನೆಯಬೇಕು.

ಶ್ರೀನಗರದವರೆಗೆ ಹೋಗಬೇಕಾಗಿಯೂ ಇಲ್ಲ. ಬೈಲಕುಪ್ಪೆಯಿಂದ ಸ್ವಲ್ಪವೇ ದೂರದ ನಾಗರಹೊಳೆ ಕಾಡಿನಿಂದ ಹೊರಹಾಕಲ್ಪಟ್ಟ ಜೇನುಕುರುಬರು, ಬೆಟ್ಟಕುರುಬರು, ಯರವರು ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣ ತಾಲೂಕುಗಳಲ್ಲಿ ಹರಡಿದ್ದಾರೆ. ಹೈಕೋರ್ಟಿನ ಆದೇಶದ ಮೇರೆಗೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿಯವರ ಸಮಿತಿ ಇಂಥ 3,418 ಕುಟುಂಬಗಳನ್ನು ಗುರುತಿಸಿತ್ತು. ಇವರ ಪೌರತ್ವವನ್ನು ಪ್ರಶ್ನಿಸಿದವರಿಲ್ಲ, ಮತದಾರರ ಚೀಟಿಯೂ ಇದೆ. ಆದರೆ ಇವರು ಹುಟ್ಟಿದ ಕಾಡಿಗೇ ಪರಕೀಯರು. ಟಿಬೆಟಿಯನ್ನರ ವಿಹಾರಗಳ ವೈಭವವನ್ನು ಕಂಡು ಸುತ್ತಲಿನ ಹಳ್ಳಿಗರಲ್ಲಿ ಒಂದಿಷ್ಟು ಅಸಮಾಧಾನ ಹುಟ್ಟಿದರೆ ಅದನ್ನು ಬರೀ ಅಸೂಯೆ ಎಂದು ತಳ್ಳಿಹಾಕಲು ನಮಗೆ ಮನಸ್ಸಾಗುವುದಿಲ್ಲ. ಅತಿಥಿಗೆ ನೆಲ ಕೊಡುವಾಗ ಯಾರೂ ಇವರನ್ನು ಕೇಳಿರಲಿಲ್ಲ. ಅದೇ ವಿಹಾರಗಳಲ್ಲಿ, ಜೋಳದ ಹೊಲಗಳಲ್ಲಿ ಈ ಹಳ್ಳಿಗಳ ಜನ ಕೂಲಿ ಮಾಡಿ ಬದುಕಿದ್ದಾರೆ, ಟಿಬೆಟಿಯನ್ ಮಾತನ್ನೂ ಅಷ್ಟಿಷ್ಟು ಕಲಿತಿದ್ದಾರೆ. ಆಶ್ರಯ ಕೊಟ್ಟವರ ಭಾವನೆಯೂ ಬೆರಕೆಯೇ. ಆದರೆ ಒಬ್ಬ ಬಡವನಿಗೆ ಸಿಗಬೇಕಾದ ನ್ಯಾಯ ಸಿಗಲಿಲ್ಲವೆಂದು ಇನ್ನೊಬ್ಬನಿಗೆ ಸಿಕ್ಕ ಆಶ್ರಯದ ಲೆಕ್ಕ ಕೇಳುವುದು ಎಷ್ಟು ಸರಿ? ಲೆಕ್ಕ ಕೇಳಬೇಕಾದ ಬಾಗಿಲು ಬೇರೆಯೇ ಇದೆ.

ದಲಾಯಿ ಲಾಮಾ ತನ್ನನ್ನು ಭಾರತದ ಮಗನೆಂದು ಕರೆದುಕೊಳ್ಳುತ್ತಾ ಬಂದಿದ್ದಾರೆ. ಇಷ್ಟು ವರ್ಷ ಇಲ್ಲಿಯ ಅನ್ನ, ಬೇಳೆಯಿಂದ ಬೆಳೆದ ದೇಹವಿದು ಎಂಬುದು ಅವರ ವಾದ. 2025ರ ಜುಲೈಯಲ್ಲಿ ಅವರಿಗೆ ತೊಂಬತ್ತು ತುಂಬಿತು. ಅವರಂತೆ ಲ್ಹಾಸಾವನ್ನು ಕಣ್ಣಾರೆ ಕಂಡವರು ಬೈಲಕುಪ್ಪೆಯಲ್ಲಿ ಈಗ ಕೆಲವರೇ. ಉಳಿದವರ ಹಂಬಲ, ಕಾಣದ ಊರಿನದು. ಕಾಣದ ಊರಿಗಾಗಿ ಅಳುವುದು ಸಾಧ್ಯವೇ ಎಂದು ಕೇಳಿದರೆ ನಾವು ಸ್ವೆಟರ್ ಮಾರುತ್ತಿದ್ದ ಆ ಹೆಂಗಸನ್ನೇ ನೆನೆಯುತ್ತೇವೆ. ಮರುವರ್ಷ ಅದೇ ಜಾಗದಲ್ಲಿ ಆಕೆಯನ್ನು ಮತ್ತೆ ಕಂಡೆವು. ಮಗ ಕೆನಡಾದಲ್ಲಿದ್ದಾನಂತೆ, ವಾರಕ್ಕೊಮ್ಮೆ ಫೋನು ಮಾಡುತ್ತಾನಂತೆ. ಏನು ಮಾತಾಡುತ್ತಾನೆ ಎಂದು ಕೇಳಿದೆವು. ಆಕೆ ನಕ್ಕರು. ಅವನು ಕೇಳುವುದು ಯಾವಾಗಲೂ ಒಂದೇ ಅಂತೆ: ಊರಲ್ಲಿ ಮಳೆ ಬಂತಾ, ಜೋಳ ಹೇಗಿದೆ?