ಸೀಟು ಸಿಗದವನೂ ಸಾಕ್ಷಿಯೇ



ಮೇ ತಿಂಗಳ 14ರಂದು ಧರ್ಮಸಭೆ ಪ್ರೇಷಿತ ಸಂತ ಮತ್ತೀಯರ ಹಬ್ಬವನ್ನು ಆಚರಿಸುತ್ತದೆ. ಅಂದಿನ ಮೊದಲನೆಯ ವಾಚನ ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಿಂದ ಬರುತ್ತದೆ. ಯೂದನ ಸ್ಥಾನ ತೆರವಾಗಿದೆ. ಸುಮಾರು 120 ಮಂದಿ ಒಂದೆಡೆ ಸೇರಿದ್ದಾರೆ. ಪೇತ್ರರು ಎದ್ದು ನಿಂತು ಆ ಸ್ಥಾನಕ್ಕೆ ಬೇಕಾದ ಅರ್ಹತೆಯನ್ನು ತಿಳಿಸುತ್ತಾರೆ. ಯೊವಾನ್ನರ ಸ್ನಾನದೀಕ್ಷೆಯ ದಿನಗಳಿಂದ ಸ್ವರ್ಗಾರೋಹಣದವರೆಗೆ ಯೇಸುಸ್ವಾಮಿಯ ಜೊತೆಯಲ್ಲೇ ಇದ್ದವನಾಗಿರಬೇಕು. ಅವರ ಪುನರುತ್ಥಾನಕ್ಕೆ ಸಾಕ್ಷಿಯಾಗಬಲ್ಲವನಾಗಿರಬೇಕು. ಇಬ್ಬರ ಹೆಸರು ಮುಂದೆ ಬರುತ್ತದೆ: ಬಾರ್ಸಬ ಎನಿಸಿಕೊಂಡಿದ್ದ, ಯುಸ್ತ ಎಂಬ ಹೆಸರೂ ಇದ್ದ ಜೋಸೆಫ್ ಮತ್ತು ಮತ್ತೀಯ. ಅರ್ಹರು ಇಬ್ಬರು, ಸ್ಥಾನ ಒಂದೇ. ಪ್ರಾರ್ಥನೆ ಮಾಡಿ ಚೀಟಿ ಹಾಕಿದರು. ಮತ್ತೀಯರ ಹೆಸರು ಬಂತು.

ಪ್ರತಿ ವರ್ಷ ಆ ದಿನ ನಾವು ಮತ್ತೀಯರನ್ನು ಕುರಿತು ಧ್ಯಾನಿಸುತ್ತೇವೆ. ಈ ಸಲ ಇನ್ನೊಬ್ಬರನ್ನು ಕುರಿತು ಯೋಚಿಸೋಣ. ಚೀಟಿ ಬೀಳದ ಆ ಜೋಸೆಫ್ ಆಮೇಲೆ ಏನಾದರು? ಅಷ್ಟು ವರ್ಷ ಬಿಸಿಲು ಮಳೆಯೆನ್ನದೆ ಜೊತೆಗೆ ನಡೆದವರು, ಎಲ್ಲರ ಕಣ್ಣೆದುರು ಹೆಸರು ಬಂದು, ಎಲ್ಲರ ಕಣ್ಣೆದುರೇ ಹೆಸರು ಬಿಟ್ಟುಹೋದವರು.

ಈ ಪ್ರಶ್ನೆ ಕೇಳಲು ಕಾರಣವಿದೆ. ನಮ್ಮ ಧರ್ಮಕೇಂದ್ರಗಳ ಹಲವು ಮನೆಗಳಲ್ಲಿ ಇಂದು ಇಂಥ ಒಬ್ಬ ಜೋಸೆಫ್, ಒಬ್ಬ ಜೋಸೆಫಿನ್ ಇದ್ದಾರೆ. ಎಂ.ಬಿ.ಬಿ.ಎಸ್. ಮುಗಿಸಿ, ಸ್ನಾತಕೋತ್ತರ ಸೀಟಿಗಾಗಿ ಅರ್ಜಿ ಹಾಕಿ, ಕಾದು ಕುಳಿತ ಮಕ್ಕಳು ಅವರು.

ಒಂದು ಸಂಖ್ಯೆಗೆ ಕಟ್ಟಿದ ಬದುಕು

ಅವರ ದಾರಿ ಎಷ್ಟು ಉದ್ದವೆಂದು ಹೊರಗಿನವರಿಗೆ ತಿಳಿಯದು. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ನೀಟ್ ಪಿ.ಜಿ. ಮೂರೂವರೆ ಗಂಟೆಯಲ್ಲಿ 200 ಪ್ರಶ್ನೆ; ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಡಿತ. ದೇಶದಾದ್ಯಂತ ಎರಡು ಲಕ್ಷಕ್ಕೂ ಹೆಚ್ಚು ಯುವ ವೈದ್ಯರು ಬರೆಯುತ್ತಾರೆ. ಸೀಟುಗಳು ಅದಕ್ಕಿಂತ ಬಹಳ ಕಡಿಮೆ. ರ‍್ಯಾಂಕ್ ಬಂದ ಮೇಲೂ ಮುಗಿಯಲಿಲ್ಲ. ಅಖಿಲ ಭಾರತ ಕೋಟಾಕ್ಕೆ ಒಂದು ಕೌನ್ಸೆಲಿಂಗ್, ನಮ್ಮ ರಾಜ್ಯದಲ್ಲಿ ಪರೀಕ್ಷಾ ಪ್ರಾಧಿಕಾರದ ಇನ್ನೊಂದು ಕೌನ್ಸೆಲಿಂಗ್, ದಾಖಲೆ ಪರಿಶೀಲನೆ, ಆಪ್ಷನ್ ಎಂಟ್ರಿ, ಒಂದನೆಯ ಸುತ್ತು, ಎರಡನೆಯ ಸುತ್ತು, ಕೊನೆಗೆ ಉಳಿದ ಸೀಟುಗಳ ಸುತ್ತು. ತಿಂಗಳುಗಟ್ಟಲೆ ಮನೆಯವರ ಉಸಿರೆಲ್ಲ ಒಂದು ಮೊಬೈಲ್ ಪರದೆಯ ಮೇಲೆ ನಿಂತಿರುತ್ತದೆ.

2024ರಲ್ಲಿ ನಡೆದುದನ್ನು ನೆನೆಯಿರಿ. ಜೂನ್ 23ರಂದು ಪರೀಕ್ಷೆ ಇತ್ತು. 22ರ ರಾತ್ರಿ ಅದನ್ನು ಮುಂದೂಡಿದರು. ರೈಲು, ಬಸ್ಸು ಹತ್ತಿ ಪರವೂರಿಗೆ ಹೋಗಿ ಲಾಡ್ಜಿನಲ್ಲಿ ತಂಗಿದ್ದವರು ಬಂದ ದಾರಿಯಲ್ಲೇ ಹಿಂದಿರುಗಿದರು. ಪರೀಕ್ಷೆ ನಡೆದದ್ದು ಆಗಸ್ಟ್ 11ಕ್ಕೆ. ಅದಕ್ಕೂ ಹಿಂದೆ, 2023ರ ಸೆಪ್ಟೆಂಬರಿನಲ್ಲಿ, ಸೀಟುಗಳು ಖಾಲಿ ಉಳಿದಾಗ ಅರ್ಹತೆಯ ಗೆರೆಯನ್ನು ಶೂನ್ಯ ಪರ್ಸೆಂಟೈಲ್‌ಗೆ ಇಳಿಸಿದ್ದರು. ನಿನ್ನೆಯವರೆಗೆ ಅನರ್ಹರೆನಿಸಿದ್ದ ಸಾವಿರಾರು ಮಂದಿ ಬೆಳಗಾಗುವುದರೊಳಗೆ ಅರ್ಹರಾದರು. ಅವರ ಬುದ್ಧಿ, ಅವರ ಕೈಗುಣ, ಅವರ ಮನಸ್ಸು ಒಂದಿಷ್ಟೂ ಬದಲಾಗಿರಲಿಲ್ಲ. ಬದಲಾದದ್ದು ಗೆರೆ ಮಾತ್ರ.

ಮನುಷ್ಯರು ಎಳೆದು ಮನುಷ್ಯರೇ ಅಳಿಸುವ ಈ ಗೆರೆಯನ್ನು ನಾವು ದೇವರ ತೀರ್ಪೆಂದು ಓದುತ್ತೇವೆ. ಒಳ್ಳೆಯ ರ‍್ಯಾಂಕ್ ಬಂದರೆ "ದೇವರು ಕೈಹಿಡಿದರು" ಎನ್ನುತ್ತೇವೆ. ಹಾಗಾದರೆ ಬಾರದವರ ಕೈಯನ್ನು ದೇವರು ಬಿಟ್ಟರೇ?

ಪೆಂತೆಕೋಸ್ತಿಗೆ ಮುಂಚೆ, ಪೆಂತೆಕೋಸ್ತಿನ ನಂತರ

ಪವಿತ್ರ ಗ್ರಂಥವನ್ನು ಗಮನಿಸಿ ಓದಿದ ಪೂರ್ವಿಕರು ಇಲ್ಲೊಂದು ಸೂಕ್ಷ್ಮವನ್ನು ಕಂಡಿದ್ದಾರೆ. ಮತ್ತೀಯರಿಗಾಗಿ ಚೀಟಿ ಹಾಕಿದ್ದು ಪವಿತ್ರಾತ್ಮರು ಇಳಿದು ಬರುವ ಮುಂಚೆ. ಪೆಂತೆಕೋಸ್ತಿನ ನಂತರ ವಿಧವೆಯರ ಸೇವೆಗಾಗಿ ಏಳು ಮಂದಿಯನ್ನು ಆರಿಸಬೇಕಾದಾಗ (ಪ್ರೇ. ಕಾ. 6) ಯಾರೂ ಚೀಟಿ ಹಾಕಲಿಲ್ಲ. ಸಮುದಾಯವೇ ಕೂಡಿ, ವಿವೇಚಿಸಿ, ಒಳ್ಳೆಯ ಹೆಸರುಳ್ಳವರನ್ನು ಆರಿಸಿತು. ಪ್ರೇಷಿತರು ಪ್ರಾರ್ಥಿಸಿ ಹಸ್ತನಿಕ್ಷೇಪ ಮಾಡಿದರು. ಸಂತ ಬೀಡರು ಹೇಳಿದ ಈ ಮಾತನ್ನು ಸಂತ ತೋಮಸ್ ಅಕ್ವಿನಾಸರು ಶಕುನ, ಚೀಟಿಗಳ ಬಗ್ಗೆ ಬರೆಯುವಾಗ ನೆನಪಿಸುತ್ತಾರೆ.

ಇದರ ಅರ್ಥವೇನು? ದೀಕ್ಷಾಸ್ನಾನ ಪಡೆದ ನಾವು ಚೀಟಿಯ ಕಾಲದವರಲ್ಲ, ಆತ್ಮರ ಕಾಲದವರು. ನಮಗೆ ಹಣೆಬರಹವಿಲ್ಲ, ದೈವಕರೆ ಇದೆ. ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ರೋಗಿಯ ಪ್ರಾಣ ಕೈಯಲ್ಲಿ ಹಿಡಿಯುವವನಿಗೆ ಜ್ಞಾನ ಬೇಕು, ಓದಿಗೆ ಬೆಲೆ ಸಲ್ಲಬೇಕು. ಆದರೆ ಪರೀಕ್ಷೆ ಹೇಳಬಲ್ಲದ್ದು ಇಷ್ಟೇ: ಆ ದಿನ, ಆ ಮೂರೂವರೆ ಗಂಟೆಯಲ್ಲಿ, ಸಾಲಿನಲ್ಲಿ ನಿಮ್ಮ ಜಾಗ ಎಲ್ಲಿ. ನೀವು ಯಾರಿಗಾಗಿ ವೈದ್ಯರಾದಿರಿ ಎಂಬುದನ್ನು ಅದು ಕೇಳುವುದಿಲ್ಲ. ರ‍್ಯಾಂಕ್ ಸೀಟನ್ನು ಹಂಚುತ್ತದೆ, ಕರೆಯನ್ನು ಹಂಚುವುದಿಲ್ಲ.

ಆಯ್ಕೆಯ ಪಟ್ಟಿ ತುಂಬುವ ಮುನ್ನ

ಯುವ ವೈದ್ಯ ಮಿತ್ರರೇ, ಹಾಗಾದರೆ ವಿವೇಚನೆ ಹೇಗೆ? ಲೊಯೋಲದ ಸಂತ ಇಗ್ನಾಸಿಯವರು ತಮ್ಮ ಆಧ್ಯಾತ್ಮಿಕ ಅಭ್ಯಾಸಗಳಲ್ಲಿ ಎರಡು ಉಪಾಯ ಕೊಟ್ಟಿದ್ದಾರೆ. ಮೊದಲನೆಯದು: ನೀವು ಎಂದೂ ಕಾಣದ, ಪರಿಚಯವಿಲ್ಲದ ಒಬ್ಬ ವ್ಯಕ್ತಿ ನಿಮ್ಮದೇ ಸಮಸ್ಯೆ ಹೊತ್ತು ಬಂದರೆ, ಅವನ ಒಳಿತನ್ನೇ ಬಯಸಿ ಏನು ಸಲಹೆ ಕೊಡುತ್ತೀರಿ? ಅದನ್ನೇ ನೀವು ಪಾಲಿಸಿರಿ. ಎರಡನೆಯದು: ನಿಮ್ಮ ಮರಣದ ಗಳಿಗೆ ಬಂದಿದೆಯೆಂದು ಭಾವಿಸಿರಿ. ಆಗ ಹಿಂದಿರುಗಿ ನೋಡಿದರೆ ಇಂದು ಏನನ್ನು ಆರಿಸಿದ್ದರೆ ಸಂತೋಷವಾಗುತ್ತಿತ್ತು?

ರೇಡಿಯಾಲಜಿ, ಚರ್ಮರೋಗ ಮೊದಲು ಮುಗಿದುಹೋಗುತ್ತವೆ. ಅನಾಟಮಿ, ಫಿಸಿಯಾಲಜಿ, ಸಮುದಾಯ ವೈದ್ಯಶಾಸ್ತ್ರ ಕೊನೆಯವರೆಗೂ ಉಳಿಯುತ್ತವೆ. ಮೊದಲಿನದು ಬಯಸುವುದು ಪಾಪವಲ್ಲ. ಕೊನೆಯದು ಸಿಕ್ಕಿದರೆ ಅವಮಾನವಲ್ಲ. ಮಕ್ಕಳ ವಾರ್ಡಿನಲ್ಲಿ ನಿಂತಾಗ ನಿಮ್ಮ ಮುಖ ಅರಳುತ್ತಿದ್ದರೆ, ನೆಂಟರಿಷ್ಟರು ಹೊಗಳುವ ಬೇರೆ ಶಾಖೆಯನ್ನು ಪಟ್ಟಿಯ ತಲೆಯಲ್ಲಿ ಬರೆಯುವುದೇಕೆ? ಸೀಟು ಹಂಚುವ ಕ್ರಮವೂ ಇದನ್ನೇ ಬಯಸುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡಿ, ಆಗ ಖಾಲಿ ಇರುವುದರಲ್ಲಿ ಮೊದಲು ಬರುವುದನ್ನು ಕೊಡುತ್ತಾರೆ. ಆದ್ದರಿಂದ ನಿಜವಾಗಿ ಬೇಕಾದುದನ್ನೇ ಮೊದಲು ಬರೆಯಿರಿ. ಕುರುಡ ಬಾರ್ತಿಮಾಯನಿಗೂ ಯೇಸುಸ್ವಾಮಿ ಮೊದಲು ಕೇಳಿದ್ದು, ತಾನು ಅವನಿಗೆ ಏನು ಮಾಡಬೇಕೆಂದು. ಪ್ರಾಮಾಣಿಕವಾದ ಆಸೆಯನ್ನು ದೇವರು ತುಚ್ಛವೆಂದು ಎಣಿಸುವುದಿಲ್ಲ.

ಸೇರುವ ಮನಸ್ಸಿಲ್ಲದ ಸೀಟನ್ನು ಹಿಡಿದಿಡಬೇಡಿರಿ. ದುಡ್ಡಿಗಾಗಿ ಸೀಟು ತಡೆಹಿಡಿಯುವ ದಂಧೆಯ ವಿರುದ್ಧ 2025ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ನಿರ್ದೇಶನ ಕೊಟ್ಟಿದೆ. ನ್ಯಾಯಾಲಯಕ್ಕೆ ಅದು ಅಕ್ರಮ. ನಮಗೆ ಅದು ಏಳನೆಯ ಆಜ್ಞೆಯ ಉಲ್ಲಂಘನೆ. ಕಾಣದ ಊರಿನ ಯಾರದೋ ಮಗನ ಸ್ಥಾನವನ್ನು ಕದ್ದಂತೆ. ಸುಳ್ಳು ಪ್ರಮಾಣಪತ್ರವೂ ಹಾಗೆಯೇ.

ಇಗ್ನಾಸಿಯವರ ಇನ್ನೊಂದು ಮಾತು: ಮನಸ್ಸು ಕತ್ತಲಲ್ಲಿರುವಾಗ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬಾರದು. ಫಲಿತಾಂಶ ಬಂದ ರಾತ್ರಿ ಏನನ್ನೂ ತೀರ್ಮಾನಿಸಬೇಡಿರಿ. "ನಾನು ಯಾತಕ್ಕೂ ಬೇಡದವನು" ಎಂಬ ಮಾತು ಆ ರಾತ್ರಿ ಒಳಗಿನಿಂದ ಎದ್ದರೆ, ಅದು ಒಳ್ಳೆಯ ಕುರುಬನ ದನಿಯಲ್ಲವೆಂದು ತಿಳಿಯಿರಿ. ಎದ್ದು ಹೋಗಿ ಮನೆಯವರನ್ನು ಎಬ್ಬಿಸಿ ಹೇಳಿರಿ.

ಪಾಲಕರಿಗೆ ಎರಡು ಮಾತು

ಪ್ರಿಯ ತಾಯಿತಂದೆಯರೇ, ಮಗ ವೈದ್ಯನಾಗಲೆಂದು ನೀವು ಹೊಟ್ಟೆಬಟ್ಟೆ ಕಟ್ಟಿದ್ದೀರಿ. ನೊವೆನ ಹಿಡಿದಿದ್ದೀರಿ, ಜಪಸರ ಹೇಳಿದ್ದೀರಿ. ಒಳ್ಳೆಯದು. ಆದರೆ ನೊವೆನ ದೇವರೊಡನೆ ಮಾಡುವ ವ್ಯಾಪಾರವಲ್ಲ. ಒಂಬತ್ತು ದಿನ ಪ್ರೇಷಿತರೂ ಮಾತೆ ಮರಿಯಮ್ಮನವರೂ ಮೇಲ್ಮಾಳಿಗೆಯಲ್ಲಿ ಪ್ರಾರ್ಥಿಸಿದ್ದು ಪವಿತ್ರಾತ್ಮರಿಗಾಗಿ. ಆ ಗುಂಪಿನಲ್ಲಿ ಮತ್ತೀಯರೂ ಇದ್ದರು, ಬಾರ್ಸಬರೂ ಇದ್ದರು. ಬಂದ ಆತ್ಮರು ಇಬ್ಬರಿಗೂ ಒಬ್ಬರೇ.

ಸೀಟಿಗಾಗಿ ಹಿರಿಯರ ತೋಟ ಮಾರುವ, ಮೈತುಂಬ ಸಾಲ ಮಾಡುವ ಮುನ್ನ ಒಮ್ಮೆ ಮಗನ ಎದುರು ಕೂತು, "ನಿನಗೆ ಬೇಕಾದದ್ದೇನು?" ಎಂದು ಕೇಳಿದ್ದೀರಾ? ಮಗಳಿಗೆ ಪ್ರಸೂತಿ ಶಾಖೆ ಇಷ್ಟ. ರಾತ್ರಿ ಡ್ಯೂಟಿ ಇದ್ದರೆ ಗಂಡು ಸಿಗುವುದಿಲ್ಲವೆಂದು ಬೇಡವೆನ್ನುತ್ತೀರಿ. ಅವಳ ಕೈಯಿಂದ ಲೋಕಕ್ಕೆ ಬರಬೇಕಾದ ಎಷ್ಟು ಕೂಸುಗಳನ್ನು ಹೀಗೆ ಅಡ್ಡಗಟ್ಟುತ್ತೇವೆ!

ಭಾನುವಾರದ ಬಲಿಪೂಜೆ ಮುಗಿದು ಅಂಗಳದಲ್ಲಿ ನಿಂತಾಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಸೀಟು ಸಿಕ್ತಾ?" ಇಲ್ಲವೆಂದರೆ ಇನ್ನೊಂದು: "ಹಾಗಾದರೆ ಈಗ ಬರೀ ಎಂ.ಬಿ.ಬಿ.ಎಸ್ಸಾ?" ಗಾಯದ ಮೇಲೆ ಬರೆ ಎಳೆದಂತೆ. ಈ ಪ್ರಶ್ನೆಗೆ ಹೆದರಿ ಪೂಜೆಗೆ ಬರುವುದನ್ನೇ ಬಿಟ್ಟ ಮಕ್ಕಳಿದ್ದಾರೆ. ಬರೀ ಎಂಬ ಆ ಎರಡಕ್ಷರ ನಮ್ಮ ಬಾಯಿಂದ ತೊಲಗಬೇಕು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾವು ಕಚ್ಚಿದವನ ಪಕ್ಕ ನಡುರಾತ್ರಿ ಕುಳಿತು ಕಾಯುವವರು, ಕನ್ಯಾಸ್ತ್ರೀಯರ ಚಿಕ್ಕ ಆಸ್ಪತ್ರೆಯಲ್ಲಿ ಜ್ವರದ ಮಗುವನ್ನು ಮುಟ್ಟಿ ನೋಡುವವರು, ಹೆಚ್ಚಾಗಿ ಈ 'ಬರೀ' ವೈದ್ಯರೇ. ಸಿರಾಖನ ಗ್ರಂಥದ 38ನೆಯ ಅಧ್ಯಾಯ ವೈದ್ಯನನ್ನು ಗೌರವಿಸಬೇಕೆನ್ನುತ್ತದೆ, ಅವನ ಕೈಚಳಕ ದೇವರಿಂದ ಬಂದದ್ದೆನ್ನುತ್ತದೆ. ಯಾವ ಪದವಿ ಎಂದು ಅದು ಕೇಳುವುದಿಲ್ಲ.

ಮನೆಯಲ್ಲಿ ಓದುತ್ತಿರುವ ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಮಾತು ಬಿಟ್ಟರೆ, ಹಗುರವಾಗಿ ಎಣಿಸಬೇಡಿರಿ, ಒಂಟಿಯಾಗಿ ಬಿಡಬೇಡಿರಿ. ಮನೋವೈದ್ಯರ ಬಳಿ ಕರೆದೊಯ್ಯುವುದು ವಿಶ್ವಾಸದ ಕೊರತೆಯಲ್ಲ; ಸಿರಾಖನು ಹೇಳಿದ ಗೌರವ ಅವರಿಗೂ ಸಲ್ಲುತ್ತದೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ಬೆಂಗಳೂರಿನಲ್ಲಿ ಕಣ್ಮುಚ್ಚಿದ ಒಬ್ಬ ವೈದ್ಯೆ

ಸೀಟು ಮತ್ತು ಕರೆ ಬೇರೆ ಬೇರೆ ಎಂಬುದಕ್ಕೆ ಒಂದು ಜೀವನವನ್ನು ನೆನೆಯೋಣ. ಮೇರಿ ಗ್ಲೌರಿ 1887ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಹುಟ್ಟಿದರು. 1910ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದರು. ಹೆಣ್ಣುಮಕ್ಕಳಿಗೆ ಆಸ್ಪತ್ರೆಗಳ ಬಾಗಿಲು ಸುಲಭವಾಗಿ ತೆರೆಯದ ಕಾಲ ಅದು. ನಿವಾಸಿ ವೈದ್ಯೆಯಾಗಿ ಕೆಲಸ ಮಾಡಲು ಅವರು ಸಮುದ್ರ ದಾಟಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರಕ್ಕೆ ಹೋದರು. ಬಳಿಕ ಮೆಲ್ಬರ್ನಿನಲ್ಲಿ ವೃತ್ತಿ ನೆಲೆನಿಂತಿತು, 1919ರಲ್ಲಿ ಎಂ.ಡಿ. ಪದವಿಯೂ ಬಂತು. ಆದರೆ ಅವರ ಕರೆ ಪದವಿಯ ಪತ್ರದಲ್ಲಿ ಬರಲಿಲ್ಲ. ಭಾರತದಲ್ಲಿ ವೈದ್ಯೆಯರಿಲ್ಲದೆ ಸಾಯುತ್ತಿದ್ದ ತಾಯಿಮಕ್ಕಳ ಬಗ್ಗೆ ಓದಿದ ಒಂದು ಕಿರುಹೊತ್ತಿಗೆಯಲ್ಲಿ ಬಂತು. 1920ರಲ್ಲಿ ಗುಂಟೂರಿಗೆ ಬಂದು ಕನ್ಯಾಸ್ತ್ರೀಯಾದರು. 1943ರಲ್ಲಿ ಕ್ಯಾಥೋಲಿಕ್ ಆಸ್ಪತ್ರೆಗಳ ಸಂಘ ಕಟ್ಟಿದರು. ಭಾರತದಲ್ಲಿ ಒಂದು ಕ್ಯಾಥೋಲಿಕ್ ವೈದ್ಯಕೀಯ ಕಾಲೇಜು ಆಗಬೇಕೆಂದು ಹಂಬಲಿಸಿದರು. 1957ರಲ್ಲಿ ಬೆಂಗಳೂರಿನಲ್ಲಿ ಕಣ್ಮುಚ್ಚಿದರು. ಆರು ವರ್ಷಗಳ ನಂತರ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು. ಇಂದು ನಮ್ಮ ಮಕ್ಕಳು ಯಾವ ಸೀಟಿಗಾಗಿ ಹಂಬಲಿಸುತ್ತಾರೋ, ಆ ಕಟ್ಟಡ ಏಳುವುದನ್ನು ಅದರ ಕನಸು ಕಂಡವರು ಕಾಣಲಿಲ್ಲ.

ವಿಷ ಕುಡಿದರೂ ಕೆಡದವರು

ಈಗ ಬಾರ್ಸಬರ ಪ್ರಶ್ನೆಗೆ ಬರೋಣ. ಚೀಟಿ ಬೀಳದ ಮೇಲೆ ಅವರು ಏನಾದರು? ಪವಿತ್ರ ಗ್ರಂಥ ಮತ್ತೆ ಅವರ ಹೆಸರೆತ್ತುವುದಿಲ್ಲ. ಆಯ್ಕೆಯಾದ ಮತ್ತೀಯರ ಹೆಸರನ್ನೂ ಎತ್ತುವುದಿಲ್ಲ ಎಂಬುದನ್ನು ಮರೆಯಬೇಡಿರಿ! ಆದರೆ ಧರ್ಮಸಭೆಯ ಚರಿತ್ರಕಾರ ಯುಸೇಬಿಯರು ಪಪಿಯಾಸರಿಂದ ಬಂದ ಒಂದು ಪುರಾತನ ಮಾತನ್ನು ದಾಖಲಿಸಿದ್ದಾರೆ. ಯುಸ್ತನೆನಿಸಿದ ಬಾರ್ಸಬರು ಒಮ್ಮೆ ಘೋರ ವಿಷವನ್ನು ಕುಡಿದರೂ ಪ್ರಭುವಿನ ಕೃಪೆಯಿಂದ ಅವರಿಗೆ ಏನೂ ಆಗಲಿಲ್ಲವಂತೆ.

ಅದು ಹೇಗಾದರೂ ಇರಲಿ, ಆ ಕತೆ ಉಳಿದುಬಂದಿದೆ ಎಂದ ಮೇಲೆ ಒಂದು ಮಾತು ಸ್ಪಷ್ಟ. ಚೀಟಿ ಬೀಳದಿದ್ದರೂ ಅವರು ಆ ಬಳಗವನ್ನು ಬಿಟ್ಟುಹೋದವರೆಂದು ಯಾರೂ ನೆನೆಯಲಿಲ್ಲ. ಕೃಪೆ ಪಡೆದವರೆಂದು ನೆನೆದರು. ನಿರಾಶೆಗಿಂತ ಕಹಿಯಾದ ವಿಷ ಬೇರೆ ಇಲ್ಲ. ಅದನ್ನು ಕುಡಿಯದೆ ಯಾರ ಬಾಳೂ ದಾಟುವುದಿಲ್ಲ. ಕುಡಿದೂ ಅಸೂಯೆಗೆ ಬಲಿಯಾಗದೆ, ನಂಬಿಕೆ ಕಳೆದುಕೊಳ್ಳದೆ, ಮುಂದಿನ ರೋಗಿಯ ಕೈ ಹಿಡಿಯುವವನು ಪುನರುತ್ಥಾನದ ಸಾಕ್ಷಿ. ಹನ್ನೆರಡರಲ್ಲಿ ಒಬ್ಬನಾಗಲು ಚೀಟಿ ಬೇಕಾಯಿತು, ಸಾಕ್ಷಿಯಾಗಲು ಬೇಕಾಗಲಿಲ್ಲ.

ಮುಂದಿನ ಭಾನುವಾರ ದೇವಾಲಯದ ಅಂಗಳದಲ್ಲಿ ಅಂಥ ಒಬ್ಬ ಮಗನನ್ನೋ ಮಗಳನ್ನೋ ಕಂಡರೆ ಸೀಟಿನ ಮಾತೆತ್ತಬೇಡಿರಿ. "ಹೇಗಿದ್ದೀಯಪ್ಪಾ? ಮನೆಗೆ ಬಾ, ಊಟ ಮಾಡೋಣ" ಎನ್ನಿರಿ. ಅಷ್ಟು ಸಾಕು.

ಪ್ರಾರ್ಥಿಸೋಣ: ಓ ಪ್ರಭುವೇ, ಎಲ್ಲರ ಹೃದಯಗಳನ್ನು ಬಲ್ಲವರೇ, ಕಾಯುತ್ತಿರುವ ನಮ್ಮ ಮಕ್ಕಳನ್ನು ನಿಮ್ಮ ಕೈಗೆ ಒಪ್ಪಿಸುತ್ತೇವೆ. ಸೀಟು ಪಡೆದವರಿಗೆ ದೀನತೆಯನ್ನೂ ಪಡೆಯದವರಿಗೆ ಧೈರ್ಯವನ್ನೂ ಕೊಡಿರಿ. ವೈದ್ಯರಾದ ಸಂತ ಲೂಕರ ಬಿನ್ನಹದ ಮೂಲಕ, ಅವರ ಕೈಗಳು ನಿಮ್ಮ ಕೈಗಳಂತೆ ರೋಗಿಗಳನ್ನು ಮುಟ್ಟುವಂತಾಗಲಿ. ಆಮೆನ್.