ಅಶ್ಲೀಲಹಾಸ್ಯದ ನ್ಯಾಯವಿಚಾರಣೆ

ಪಾಪವನ್ನು ಕಂಡು ನಗುವುದೂ ಒಂದು ಪಾಪವೇ ಎಂಬ ಪ್ರಶ್ನೆಯನ್ನು ಧರ್ಮಶಾಸ್ತ್ರವೂ ಕಾವ್ಯಮೀಮಾಂಸೆಯೂ ತಂತಮ್ಮ ದಾರಿಯಲ್ಲಿ ಬಹುಕಾಲದಿಂದ ಚಿಂತಿಸುತ್ತ ಬಂದಿವೆಯಾದರೂ, ಅದಕ್ಕೆ ಒಂದೊಂದು ಅಕ್ಷರದ ದರ್ಜೆಯಲ್ಲಿ ಉತ್ತರ ಕೊಡಲು ಒಂದು ಸಂಸ್ಥೆ ಹೊರಟದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರ ಆಶ್ರಯದಲ್ಲಿ 1930ರ ದಶಕದ ಮೊದಲಲ್ಲಿ ಹುಟ್ಟಿದ ‘ಲೀಜನ್ ಆಫ್ ಡೀಸೆನ್ಸಿ’ಯು ಚಲನಚಿತ್ರಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ‘ಸಿ’ ಮುದ್ರೆ ಬಿದ್ದುದನ್ನು ಶ್ರದ್ಧಾವಂತರು ನೋಡತಕ್ಕದ್ದಲ್ಲವೆಂದು ವಿಧಿಸಿತು. ವರ್ಷಕ್ಕೊಮ್ಮೆ ಡಿಸೆಂಬರಿನ ಒಂದು ಭಾನುವಾರ ಇಗರ್ಜಿಗಳಲ್ಲಿ ಜನರು ಎದ್ದುನಿಂತು ಅದರಂತೆ ನಡೆಯುವೆವೆಂದು ಪ್ರತಿಜ್ಞೆ ಮಾಡುತ್ತಿದ್ದರು. 1936ರಲ್ಲಿ ಹನ್ನೊಂದನೆಯ ಪಯಸ್ ಪೋಪರು ‘ವಿಜಿಲಾಂಟಿ ಕುರಾ’ ಎಂಬ ಪರಿಪತ್ರದಲ್ಲಿ ಈ ಕ್ರಮವನ್ನು ಶ್ಲಾಘಿಸಿದರು. 1964ರ ಕೊನೆಯಲ್ಲಿ ಆ ಮುದ್ರೆ ಬಿಲ್ಲಿ ವೈಲ್ಡರನ ‘ಕಿಸ್ ಮಿ, ಸ್ಟುಪಿಡ್’ ಎಂಬ ಹಾಸ್ಯಚಿತ್ರದ ಮೇಲೆ ಬಿತ್ತು. ಹಾಲಿವುಡ್ಡಿನ ಪ್ರಮುಖ ಚಿತ್ರವೊಂದಕ್ಕೆ ಅಂಥ ಗತಿ ಒದಗಿದ್ದು 1956ರ ‘ಬೇಬಿ ಡಾಲ್’ನ ತರುವಾಯ ಅದೇ ಮೊದಲು.

ಚಿತ್ರದ ಕಥೆಯನ್ನು ಕೇಳಿದವರಿಗೆ ಆ ತೀರ್ಪು ಸಹಜವೆಂದೇ ತೋರೀತು. ನೆವಾಡದ ಮರಳುಗಾಡಿನ ಒಂದು ಕಲ್ಪಿತ ಊರಿನಲ್ಲಿ ಪಿಯಾನೊ ಪಾಠ ಹೇಳುವ ಆರ್ವಿಲ್, ಪೆಟ್ರೋಲ್ ಬಂಕಿನ ಬಾರ್ನಿ ಎಂಬಿಬ್ಬರು ಹಾಡು ಕಟ್ಟಿ, ಕೊಳ್ಳುವವರಿಲ್ಲದೆ ಕುಳಿತಿದ್ದಾರೆ. ಲಾಸ್ ವೇಗಸ್ಸಿನಿಂದ ಹೊರಟ ಡೀನೊ ಎಂಬ ಸ್ತ್ರೀಲೋಲನಾದ ಗಾಯಕ ಬಂಕಿನಲ್ಲಿ ನಿಂತಾಗ ಬಾರ್ನಿ ಅವನ ಕಾರನ್ನು ಕೆಡಿಸುತ್ತಾನೆ. ಅತಿಥಿಯಾಗಿ ಉಳಿದವನಿಗೆ ಆ ರಾತ್ರಿ ಒಬ್ಬ ಹೆಣ್ಣನ್ನು ಒದಗಿಸಿದರೆ ಹಾಡು ಮಾರಾಟವಾದೀತೆಂದು ಇಬ್ಬರೂ ಲೆಕ್ಕ ಹಾಕುತ್ತಾರೆ. ಹಾಲು ತರುವವನನ್ನೂ ಪಾಠಕ್ಕೆ ಬರುವ ಹುಡುಗನನ್ನೂ ಶಂಕಿಸುವಷ್ಟು ಮತ್ಸರಗ್ರಸ್ತನಾದ ಆರ್ವಿಲ್, ಹೆಂಡತಿ ಜೆಲ್ಡಳೊಡನೆ ಬೇಕೆಂದೇ ಜಗಳ ತೆಗೆದು ಅವಳನ್ನು ಮನೆಯಿಂದ ಹೊರಡಿಸಿ, ಊರ ಪಾನಗೃಹದ ಪಾಲಿಯೆಂಬವಳನ್ನು ದುಡ್ಡು ಕೊಟ್ಟು ಕರೆತಂದು ತನ್ನ ಪತ್ನಿಯೆಂದು ಡೀನೊನ ಮುಂದೆ ನಿಲ್ಲಿಸುತ್ತಾನೆ. ಹೆಂಡತಿಯನ್ನು, ಅಥವಾ ಹೆಂಡತಿಯೆಂಬ ಹೆಸರನ್ನು, ಒಂದು ಹಾಡಿನ ಬೆಲೆಗೆ ಒತ್ತೆಯಿಡುವ ಈ ವ್ಯವಹಾರಕ್ಕಿಂತ ಕತ್ತಲೆಯಾದ ಹಾಸ್ಯವಸ್ತು ಅಪರೂಪವೇ ಸರಿ.

ಆದರೆ ವಸ್ತುವನ್ನು ನೋಡಿ ನಗೆಯ ಕುಲವನ್ನು ನಿರ್ಣಯಿಸಬಹುದೇ? ಭರತಮುನಿ ಹಾಸ್ಯವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂದು ಆರಾಗಿ ವಿಭಾಗಿಸಿ ಉತ್ತಮ, ಮಧ್ಯಮ, ಅಧಮ ಪ್ರಕೃತಿಗಳಿಗೆ ಎರಡೆರಡರಂತೆ ಹಂಚಿದಾಗ, ಅವನು ಎಣಿಸಿದುದು ನಗುವವನ ಸ್ವಭಾವವನ್ನೇ ಹೊರತು ನಗಿಸಿದ ವಸ್ತುವನ್ನಲ್ಲ. ಮುಂದೆ ಆನಂದವರ್ಧನನು ರಸಭಂಗಕ್ಕೆ ಅನೌಚಿತ್ಯಕ್ಕಿಂತ ಬೇರೆ ಕಾರಣವಿಲ್ಲವೆಂದನು. ಅಭಿನವಗುಪ್ತನಾದರೋ ಹಾಸ್ಯಕ್ಕೆ ಅನೌಚಿತ್ಯವೇ ವಿಭಾವವೆಂದನು. ಒಂದು ರಸಕ್ಕೆ ಪ್ರಾಣವಾದುದೇ ರಸಮಾತ್ರಕ್ಕೆ ಮಾರಕವೆಂಬ ಈ ವಿರೋಧದಲ್ಲಿ ನಮ್ಮ ಪ್ರಶ್ನೆಯ ಮರ್ಮವೆಲ್ಲ ಅಡಗಿದೆಯೆಂದು ನನ್ನ ನಂಬಿಕೆ. ಪಾತ್ರದ ನಡತೆಯಲ್ಲಿ ಇರುವ ಅನೌಚಿತ್ಯ ಬೇರೆ, ಆ ನಡತೆಯನ್ನು ನೋಡುವ ಕವಿಯ ದೃಷ್ಟಿಯಲ್ಲಿ ಇರುವ ಅನೌಚಿತ್ಯ ಬೇರೆ. ಮೊದಲನೆಯದು ಎಷ್ಟೇ ಹೇಯವಾಗಿದ್ದರೂ, ಕವಿಗೆ ಅದು ಹೇಯವೆಂಬ ಅರಿವೂ, ಹೇಯನಾದವನೂ ಮನುಷ್ಯನೇ ಎಂಬ ಅನುಕಂಪವೂ ಇರುವ ತನಕ ಹಾಸ್ಯಕ್ಕೆ ಕಳಂಕವಿಲ್ಲ. ಎರಡನೆಯದು ತಲೆದೋರಿದರೆ ಸಭ್ಯವಾದ ಕಥೆಯೂ ಮಲಿನವಾಗುತ್ತದೆ. ಏಳನೆಯ ಶತಮಾನದ ಪಲ್ಲವರಾಜ ಮಹೇಂದ್ರವರ್ಮನು ತನ್ನ ‘ಮತ್ತವಿಲಾಸ’ದಲ್ಲಿ ಕುಡಿದು ತೂರಾಡುವ ಕಾಪಾಲಿಕನನ್ನೂ ಮದ್ಯಕ್ಕೂ ಮಾನಿನಿಗೂ ಆಸೆಪಡುವ ಬೌದ್ಧಭಿಕ್ಷುವನ್ನೂ ನಗೆಗೆ ಗುರಿಮಾಡಿದನು, ಆದರೆ ಯಾರಿಗೂ ದಂಡನೆ ವಿಧಿಸದೆ, ಕಳೆದ ಕಪಾಲವನ್ನು ಒಡೆಯನಿಗೆ ಮರಳಿಸಿ ಎಲ್ಲರನ್ನೂ ಸಮಾಧಾನದಲ್ಲಿ ಬೀಳ್ಕೊಟ್ಟನು.

ಈ ಒರೆಗಲ್ಲಿನ ಮೇಲೆ ವೈಲ್ಡರನ ಚಿತ್ರ ಎರಡು ಬಗೆಯಾಗಿ ಕಾಣುತ್ತದೆ. ಪೂರ್ವಾರ್ಧದಲ್ಲಿ ಸ್ತ್ರೀಯರ ಅಂಗಾಂಗಗಳನ್ನು ಕುರಿತ ದ್ವ್ಯರ್ಥದ ಮಾತುಗಳು ಒಂದರ ಹಿಂದೊಂದು ಬರುವಾಗ ಕ್ಯಾಮೆರಾದ ಕಣ್ಣು ಡೀನೊನ ಕಣ್ಣಿಗಿಂತ ಬೇರೆಯಾಗಿ ಉಳಿಯುವುದಿಲ್ಲ. ಅಲ್ಲಿ ದೋಷ ಪಾತ್ರದ್ದಲ್ಲ, ನಿರ್ದೇಶಕನದೇ, ಮತ್ತು ಅದನ್ನು ನಾನು ಸಮರ್ಥಿಸಲಾರೆ. ಆದರೆ ರಾತ್ರಿಯ ಊಟದ ಹೊತ್ತಿಗೆ ಕಥೆ ತಿರುಗುತ್ತದೆ. ಹೆಂಡತಿಯೆಂದು ನಟಿಸಲು ಬಂದ ಪಾಲಿ, ಅಡಿಗೆಮನೆಯ ಓಡಾಟದಲ್ಲಿ, ಗಂಡನೆಂಬವನು ತನಗಾಗಿ ನುಡಿಸಿದ ಹಾಡಿನಲ್ಲಿ, ತನಗೆ ಎಂದೂ ದೊರೆಯದ ಒಂದು ಸಂಸಾರವನ್ನು ಕ್ಷಣಕಾಲ ಕಾಣುತ್ತಾಳೆ. ಅವಳನ್ನು ಮಾರಹೊರಟಿದ್ದ ಆರ್ವಿಲ್‌ಗೆ ಅವಳ ಮಾನವೇ ತನ್ನ ಮಾನವೆಂದು ತೋರಿ, ಹಾಡಿನ ಆಸೆಯನ್ನು ತೊರೆದು ಡೀನೊನನ್ನು ಮನೆಯಿಂದಾಚೆಗೆ ತಳ್ಳುತ್ತಾನೆ. ಊರೆಲ್ಲ ಬೆಲೆಕಟ್ಟಿದ ಹೆಣ್ಣೊಬ್ಬಳಿಗೆ ಬೆಲೆಯಿಲ್ಲದ ಗೌರವವನ್ನು ಸಲ್ಲಿಸುವ ಈ ಭಾಗದಲ್ಲಿ ಪಾಲಿಯಾಗಿ ಕಿಮ್ ನೊವ್ಯಾಕಳ ಅಭಿನಯವನ್ನು ನೋಡಿ ನಗುವವನ ನಗೆಯಲ್ಲಿ ಕಣ್ಣೀರೂ ಬೆರೆಯದಿದ್ದರೆ, ಲೋಪ ಚಿತ್ರದ್ದೆಂದು ನಾನು ಒಪ್ಪೆನು. ಪೂರ್ವಾರ್ಧಕ್ಕೂ ಈ ಭಾಗಕ್ಕೂ ಒಂದೇ ಅಕ್ಷರದ ಮುದ್ರೆ ಒತ್ತುವುದು ಯಾವ ನ್ಯಾಯ? ನಗೆಯ ಗುಣವನ್ನು ಬಲ್ಲ ಸಾಕ್ಷಿ ನಕ್ಕವನ ಅಂತಃಕರಣವೊಂದೇ ಆಗಿರುವಾಗ, ನೋಡುವ ಮೊದಲೇ ನೋಡೆನೆಂದು ಮಾಡಿದ ಪ್ರತಿಜ್ಞೆ ಆ ಸಾಕ್ಷಿಯ ಬಾಯನ್ನೇ ಕಟ್ಟುತ್ತದೆ.

ಲೀಜನ್ನಿನವರ ಗುರುಪರಂಪರೆಯೂ ಇಷ್ಟು ಕಠಿನವಾಗಿರಲಿಲ್ಲ. ಹದಿಮೂರನೆಯ ಶತಮಾನದ ಥಾಮಸ್ ಅಕ್ವೈನಾಸನು, ದೇಹಕ್ಕೆ ವಿಶ್ರಾಂತಿಯಂತೆ ಆತ್ಮಕ್ಕೆ ವಿನೋದ ಅವಶ್ಯವೆಂದೂ, ಅಶ್ಲೀಲವಾದ ಪರಿಹಾಸ ಹೇಗೆ ದೋಷವೋ ಹಾಗೆಯೇ ತಾನೂ ನಗದೆ ಇತರರನ್ನೂ ನಗಗೊಡದ ಬಿಗುಮಾನವೂ ದೋಷವೆಂದೂ ತನ್ನ ಮಹಾಗ್ರಂಥದಲ್ಲಿ ವಿಚಾರಮಾಡಿದ್ದಾನೆ.

ಆದರೂ ಲೀಜನ್ನಿನವರ ಆಕ್ಷೇಪದ ಒಂದು ಅಂಶ ತಳ್ಳಿಹಾಕುವಂಥದಲ್ಲ. ಮನೆಬಿಟ್ಟ ಜೆಲ್ಡಳು ಅದೇ ರಾತ್ರಿ ಪಾಲಿಯ ವಾಸದ ಬಂಡಿಯಲ್ಲಿ ಡೀನೊನಿಗೆ ಎದುರಾಗುತ್ತಾಳೆ. ಅಲ್ಲಿ ನಡೆದುದು ವ್ಯಭಿಚಾರವೆಂದು ಸೂಚಿಸುವ ದೃಶ್ಯವನ್ನು ವೈಲ್ಡರ್ ಅಮೆರಿಕದ ಪ್ರೇಕ್ಷಕರಿಗಾಗಿ ಮಾರ್ಪಡಿಸಿ ಮರಳಿ ಚಿತ್ರೀಕರಿಸಿದನಾದರೂ ತೀರ್ಪು ಸಡಿಲಲಿಲ್ಲ. ಕೊನೆಗೆ ಆರ್ವಿಲ್‌ನ ಹಾಡು ಡೀನೊನ ಕಂಠದಲ್ಲಿ ಟೆಲಿವಿಷನ್ನಿನಿಂದ ಕೇಳಿಬಂದಾಗ, ಇದು ಹೇಗಾಯಿತೆಂದು ದಿಗ್ಭ್ರಮೆಗೊಂಡ ಗಂಡನ ಪ್ರಶ್ನೆಯನ್ನು ಜೆಲ್ಡಳು ತಡೆಯುತ್ತಾಳೆ. ಇಬ್ಬರೂ ತಪ್ಪಿದ್ದಾರೆ, ಇಬ್ಬರೂ ಕೇಳುವುದಿಲ್ಲ, ಇಬ್ಬರೂ ಕ್ಷಮಿಸುತ್ತಾರೆ. ಯೊಹಾನನ ಸುವಾರ್ತೆಯಲ್ಲಿ ವ್ಯಭಿಚಾರಿಣಿಯ ಮೇಲೆ ಕಲ್ಲೆತ್ತಿದವರು ಒಬ್ಬೊಬ್ಬರಾಗಿ ಜಾರಿಹೋದ ಮೇಲೆ ಯೇಸು ಅವಳನ್ನು ದಂಡಿಸದೆ ಕಳುಹಿಸಿದನು, ನಿಜ. ಆದರೆ ಇನ್ನು ಮೇಲೆ ಪಾಪಮಾಡಬೇಡವೆಂದೂ ಹೇಳಿ ಕಳುಹಿಸಿದನು. ಲೀಜನ್ ದಂಡನೆಯನ್ನು ಕೇಳದೆ ಈ ಒಂದು ಮಾತನ್ನು ಮಾತ್ರ ಕೇಳಿದ್ದರೆ ನಾನು ಅದರ ಪಕ್ಷದಲ್ಲಿ ನಿಲ್ಲುತ್ತಿದ್ದೆ. ಪಾಲಿಗೆ ಸಂದ ಗೌರವದಿಂದ ಅವಳ ಬಾಳಿಗೆ ಬೇರೊಂದು ದಾರಿ ತೆರೆದುದನ್ನು ಚಿತ್ರ ತೋರಿಸುತ್ತದೆ. ಜೆಲ್ಡಳ ಮನಸ್ಸಿನಲ್ಲಿ ಆ ರಾತ್ರಿ ಏನನ್ನು ಉಳಿಸಿತು, ಗಂಡನ ಶಂಕೆ ನೀಗಿತೋ ಅಥವಾ ಮೌನದ ಕೆಳಗೆ ಇನ್ನೂ ಬೆಳೆಯಿತೋ, ಇದನ್ನು ವೈಲ್ಡರ್ ವಿಚಾರಿಸಲೇ ಇಲ್ಲ.